ಮಲ್ಲನ ವೃತ್ತಿ ಮತ್ತು ಗಳಿಕೆ: ಆಧಾರಗಳ ಒಂದು ವಿಮರ್ಶೆ

1

ಕಲಬುರಗಿಯ ರೋಜಾ ಭಾಗದಲ್ಲಿ 'ತಾಲೀಮು' ಎಂಬ ಮಾತಿಗೆ ಎರಡು ಅರ್ಥಗಳುಂಟು. 1422ರಲ್ಲಿ ಕಾಲವಾದ ಖ್ವಾಜಾ ಬಂದೇನವಾಜರ ದರ್ಗಾದ ಆವರಣದಲ್ಲಿ ಆ ಮಾತು ವಿದ್ಯಾಭ್ಯಾಸವನ್ನು ಸೂಚಿಸುತ್ತದೆ. ಅರಬ್ಬೀ ಭಾಷೆಯಲ್ಲಿ ಅದರ ಮೂಲಾರ್ಥವೂ ಅದೇ. ಕೆಮ್ಮಣ್ಣಿನ ಅಖಾಡದಲ್ಲಿ ನಿಂತವನು ಅದೇ ಮಾತನ್ನಾಡಿದರೆ ಅದಕ್ಕೆ ದಂಡ, ಬೈಠಕ್, ಪಟ್ಟುಗಳ ಅಭ್ಯಾಸವೆಂದು ಅರ್ಥ. ಗುರುವೆಂಬ ಅರ್ಥದ 'ಉಸ್ತಾದ'ನೇ ಗರಡಿಯ 'ವಸ್ತಾದ'ನಾಗಿದ್ದಾನೆ. ಕುಸ್ತಿ, ಪೈಲ್ವಾನ, ಖುರಾಕು ಎಂಬಿವು ಪಾರಸಿಯಿಂದ ಬಂದವು. ಮಲ್ಲ ಎಂಬುದು ಸಂಸ್ಕೃತದ್ದು. ಗರಡಿ, ಜೆಟ್ಟಿ ಎಂಬ ಮಾತುಗಳು ಕನ್ನಡದಲ್ಲಿ ಬಹುಕಾಲದಿಂದ ನೆಲೆಸಿರುವಂಥವು. ಹಲವು ಅರಸುಮನೆತನಗಳ ಆಶ್ರಯದಲ್ಲಿ ಈ ವೃತ್ತಿ ಬಾಳಿಬಂದಿತೆಂಬುದಕ್ಕೆ ಈ ಪದಗಳ ಕೂಟವೇ ಸಾಕ್ಷಿ.

ಆದರೆ ಈ ಕೂಟದಲ್ಲಿ ಒಂದು ಕೊರತೆಯನ್ನು ಗಮನಿಸಬೇಕು. ವಿದ್ಯೆಗೆ, ಗುರುವಿಗೆ, ನೆಲಕ್ಕೆ, ಆಹಾರಕ್ಕೆ ಹೆಸರುಗಳಿವೆ, ವೇತನಕ್ಕೆ ಹೆಸರಿಲ್ಲ. ಗೆದ್ದವನಿಗೆ ದೊರೆಯುವುದು 'ಇನಾಮು', ಅಂದರೆ ಕೊಡುಗೆ. ವರ್ಷವಿಡೀ ದೊರೆಯಬೇಕಾದುದು 'ಖುರಾಕು', ಅಂದರೆ ಊಟ. ಕೊಡುಗೆಯನ್ನು ಕೇಳಿ ಪಡೆಯುವ ಹಕ್ಕಿಲ್ಲ. ಊಟವನ್ನು ಕೂಡಿಡುವ ಬಗೆಯಿಲ್ಲ. ಮೈಯನ್ನೇ ಬಂಡವಾಳವಾಗಿ ಹೂಡಿದ ಒಬ್ಬ ಮನುಷ್ಯನ ಗಳಿಕೆಯನ್ನು ಈ ಎರಡು ಮಾತುಗಳಿಂದಲೇ ಅಳೆದುದು ಹೇಗೆ ಎಂಬುದು ಪ್ರಕೃತ ಲೇಖನದ ಪ್ರಶ್ನೆ.

ಈ ಪ್ರಶ್ನೆ ನಮಗೆ ಗ್ರಂಥಗಳಿಂದ ಹುಟ್ಟಿದುದಲ್ಲ. ವಿಜಯನಗರದ ಮಹಾನವಮಿಯನ್ನು ಕುರಿತು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ, ಕಮಲಾಪುರದ ಕಡೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು, "ಸರ್, ಪೆಟ್ಟು ತಿಂದಾವ ಮುಂದಿನ ವರ್ಷ ಏನ್ ಮಾಡ್ತಿದ್ದ?" ಎಂದು ಕೇಳಿದನು. ಆತನ ಮನೆಯಲ್ಲಿ ಎರಡು ತಲೆಮಾರು ಕುಸ್ತಿ ನಡೆದಿತ್ತೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಳಿಕ ಈ ವಿಷಯದ ಬರಹಗಳನ್ನು ಮತ್ತೊಮ್ಮೆ ಓದಿದಾಗ, ಅವುಗಳಲ್ಲಿ ಬಹುಪಾಲು ಮಲ್ಲನ ಬಲವನ್ನು ಹೊಗಳುವುದರಲ್ಲಿಯೇ ತೃಪ್ತವಾಗಿವೆಯೆಂಬುದು ಮನದಟ್ಟಾಯಿತು. ಪ್ರಾಚೀನ ರಾಜಾಶ್ರಯದ ಕಾಲ ಮಲ್ಲರ ಸುವರ್ಣಯುಗವೆಂದು ಒಂದು ಪಕ್ಷ ಹೇಳುತ್ತದೆ. ಇಂದಿನ ಮಿಶ್ರ ಸಮರಕಲೆಯ ಕಣದಲ್ಲಿ ಕೋಟಿಗಟ್ಟಲೆ ಹಣ ದೊರೆಯುವುದನ್ನು ಕಂಡು, ಮಲ್ಲನಿಗೆ ಕಡೆಗೂ ಬೆಲೆ ಬಂದಿತೆಂದು ಇನ್ನೊಂದು ಪಕ್ಷ ಹೇಳುತ್ತದೆ. ಇವೆರಡೂ ಮೊತ್ತವನ್ನು ಮಾತ್ರ ನೋಡುತ್ತವೆ, ಹೊಣೆಯನ್ನು ನೋಡುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮಲ್ಲನ ಗಳಿಕೆಯನ್ನು ಅಳೆಯಬೇಕಾದುದು ಗೆದ್ದ ದಿನ ಆತನ ಕೈಸೇರಿದ ವಸ್ತುವಿನಿಂದಲ್ಲ. ಗೆಲವುಗಳ ನಡುವಣ ದಿನಗಳಲ್ಲಿ ಮತ್ತು ಮೈ ಕೈಕೊಟ್ಟ ಬಳಿಕ ಆತನ ದೇಹದ ಭಾರವನ್ನು ಯಾರು ಹೊತ್ತರು ಎಂಬುದರಿಂದ. ಈ ದೃಷ್ಟಿಯಿಂದ ಕೆಲವು ಮುಖ್ಯ ಆಧಾರಗಳನ್ನು ಮುಂದೆ ಪರಿಶೀಲಿಸಿದೆ.

2

ಮೊದಲನೆಯದು ನಮ್ಮ ಪ್ರಾಂತದಲ್ಲಿಯೇ ಹುಟ್ಟಿದ ಗ್ರಂಥ. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳ ಮೂಲಕ ಸಾಗುವ ಹಾದಿ ಬಸವಕಲ್ಯಾಣವನ್ನು ಮುಟ್ಟುತ್ತದೆ. ಆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ಕ್ರಿ. ಶ. 1129ರ ಸುಮಾರಿನದು. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಸಂಸ್ಕೃತ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ 'ಮಲ್ಲವಿನೋದ' ಎಂಬ ಅಧ್ಯಾಯವಿದೆ. ಭಾರತದಲ್ಲಿ ಮಲ್ಲವಿದ್ಯೆಯನ್ನು ಕುರಿತು ಬರೆದವರಲ್ಲಿ ಈ ಅಧ್ಯಾಯವನ್ನು ಉಲ್ಲೇಖಿಸದವರು ವಿರಳ.

ಅಧ್ಯಾಯದ ಸಾರ ಪ್ರಸಿದ್ಧವಾದುದೇ. ಮಲ್ಲರನ್ನು ವಯಸ್ಸು, ಮೈಕಟ್ಟು, ಶಕ್ತಿ ಇವುಗಳಿಗೆ ಅನುಸಾರವಾಗಿ ವಿಂಗಡಿಸಲಾಗಿದೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ದರ್ಜೆಗಳು ಅಲ್ಲಿ ಬರುತ್ತವೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೇಲ್ಲಣಕ, ಸ್ತಂಭಶ್ರಮ ಎಂದು ವ್ಯಾಯಾಮಗಳ ಹೆಸರುಗಳಿವೆ; ಭಾರ ಎತ್ತುವುದು, ನಡಿಗೆ, ನೀರಿನಲ್ಲಿ ಈಜು, ತೋಳುಗಳ ತಳ್ಳಾಟ, ಕಂಬದ ಮೇಲಣ ಸಾಧನೆ ಎಂದು ಅವನ್ನು ತಿಳಿಯಬಹುದು. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿತಿನಿಸುಗಳನ್ನು ಒದಗಿಸುವುದು ಅರಸನ ಹೊಣೆ. ಅವರನ್ನು ಅರಮನೆಯ ಸ್ತ್ರೀಯರಿಂದ ದೂರದಲ್ಲಿರಿಸಬೇಕೆಂಬ ಕಟ್ಟಳೆಯೂ ಉಂಟು.

ಈ ವಿವರಗಳನ್ನು ಕಂಡು, ರಾಜ್ಯವೇ ಮಲ್ಲನನ್ನು ಸಾಕಿ ಸಲಹಿತೆಂದು ನಮ್ಮ ಲೇಖಕರು ಹರ್ಷಪಡುವುದುಂಟು. ಹರ್ಷಕ್ಕೆ ಮುನ್ನ ಅಧ್ಯಾಯಗಳ ಕ್ರಮವನ್ನು ನೋಡುವುದು ಒಳಿತು. ಮಲ್ಲವಿನೋದದ ಹಿಂದಿನ ಅಧ್ಯಾಯ ಆಯುಧ ಹಿಡಿದು ಇಬ್ಬರು ಕಾದುವ ಅಂಕವಿನೋದ. ಅದರ ಮುಂದಿನವು ಕೋಳಿ, ಲಾವುಗೆ, ಟಗರು, ಕೋಣ ಇವುಗಳ ಕಾಳಗಗಳು. ಮಲ್ಲನು ನಿಂತಿರುವುದು ಅಂಕಕಾರನಿಗೂ ಹುಂಜಕ್ಕೂ ನಡುವೆ. ಗ್ರಂಥಕಾರನ ಮನಸ್ಸಿನಲ್ಲಿ ಈ ವಿಂಗಡಣೆಗೆ ನಿಂದೆಯ ಭಾವವೇನೂ ಇರಲಿಲ್ಲ. ಇವೆಲ್ಲವೂ ಅರಸನ ವಿನೋದಗಳು, ಅಷ್ಟೆ. ಆದರೆ ಗಳಿಕೆಯ ಪ್ರಶ್ನೆಗೆ ಈ ಕ್ರಮವು ಮುಖ್ಯವಾದುದು. ಇಲ್ಲಿ ಹೇಳಿರುವ ಆಹಾರ ಮಲ್ಲನು ದುಡಿದುದಕ್ಕೆ ಕೊಟ್ಟ ಪ್ರತಿಫಲವಲ್ಲ. ಆತನು ವಿನೋದಕ್ಕೆ ಯೋಗ್ಯನಾಗಿ ಉಳಿಯಲೆಂದು ಮಾಡಿದ ವೆಚ್ಚ. ಕಾಳಗದ ಟಗರಿಗೂ ಒಳ್ಳೆಯ ಮೇವು ದೊರೆಯುತ್ತದೆ. ಉಂಡ ಹಾಲನ್ನು ಮಗಳ ಮದುವೆಗೆ ಕೂಡಿಡಲಾಗದು. ಉಂಡ ಮಾಂಸವನ್ನು ಮಗನಿಗೆ ಉಂಬಳಿಯಾಗಿ ಬಿಟ್ಟುಹೋಗಲಾಗದು.

ಇನ್ನೊಂದು ಅಂಶ. ವಯಸ್ಸಿನಿಂದ ಮಲ್ಲರನ್ನು ವಿಂಗಡಿಸಿದ ಗ್ರಂಥ ವಯಸ್ಸು ಬಲವನ್ನು ಕುಂದಿಸುತ್ತದೆಂಬುದನ್ನು ಬಲ್ಲದು. ಹಾಗಿದ್ದೂ ಅದರ ದೃಷ್ಟಿ ಕಾದಬಲ್ಲವನ ಮೇಲೆ ನೆಟ್ಟಿದೆಯೇ ಹೊರತು ಕಾದಿ ಮುಗಿಸಿದವನ ಮೇಲಲ್ಲ. ಇದರಿಂದ ಕಲ್ಯಾಣದ ಅರಸರು ಮುದಿಮಲ್ಲರನ್ನು ಕೈಬಿಟ್ಟರೆಂದು ತೀರ್ಮಾನಿಸುವುದು ಅವಸರವಾದೀತು. ವಿನೋದಗ್ರಂಥವು ಲೆಕ್ಕಪತ್ರವಲ್ಲ, ಅದರ ಮೌನವನ್ನು ವಾಸ್ತವದ ಅಭಾವವೆಂದು ಎಣಿಸುವುದು ವಿಮರ್ಶೆಯ ನಿಯಮಕ್ಕೆ ಒಪ್ಪುವುದಿಲ್ಲ. ನಾವು ಹೇಳಬಹುದಾದುದು ಇಷ್ಟು: ಮಲ್ಲರ ಸುವರ್ಣಯುಗವನ್ನು ಸಾಧಿಸುವುದಕ್ಕೆ ಈ ಅಧ್ಯಾಯವನ್ನು ಆಧಾರವಾಗಿ ಒಡ್ಡುವವರು, ಅದು ಹೇಳದುದನ್ನು ಅದರ ಬಾಯಿಂದ ಹೇಳಿಸುತ್ತಿದ್ದಾರೆ.

3

ಎರಡನೆಯ ಆಧಾರ ವಿಜಯನಗರಕ್ಕೆ ಬಂದ ಇಬ್ಬರು ಪೋರ್ಚುಗೀಸರದು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪಾಯೆಸ್ ಮಹಾನವಮಿಯ ಮಲ್ಲಯುದ್ಧವನ್ನು ಕಣ್ಣಾರೆ ಕಂಡನು. ಕುದುರೆಗಳ ವ್ಯಾಪಾರಿ ಫೆರ್ನಾವೊ ನೂನಿಜ್ 1535ರ ಆಸುಪಾಸಿನಲ್ಲಿ, ಅಚ್ಯುತರಾಯನ ಆಳಿಕೆಯಲ್ಲಿ ಬರೆದನು. ಇಬ್ಬರ ಬರಹಗಳೂ 1900ರಲ್ಲಿ ರಾಬರ್ಟ್ ಸೀವೆಲ್ಲರ ಇಂಗ್ಲಿಷ್ ಅನುವಾದದಿಂದ ನಮ್ಮ ವಿದ್ವಾಂಸರಿಗೆ ಪರಿಚಿತವಾದವು. ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಮಲ್ಲರು ಇಂದಿಗೂ ಕಾಣಸಿಗುತ್ತಾರೆ.

ಪಾಯೆಸನ ವರ್ಣನೆಯ ಕುಸ್ತಿ ನಮ್ಮ ಇಂದಿನ ಜಾತ್ರೆಯ ಕುಸ್ತಿಯಂತೆ ಬರಿಯ ಹಿಡಿತ ಮತ್ತು ಚಿತ್ತುಗಳದ್ದಲ್ಲ. ಅದರಲ್ಲಿ ಹೊಡೆತಗಳಿದ್ದವು, ಹಲ್ಲುಗಳು ಮುರಿಯುತ್ತಿದ್ದವು, ಕಣ್ಣುಗಳು ಹೋಗುತ್ತಿದ್ದವು, ಮುಖಗಳು ವಿಕಾರಗೊಳ್ಳುತ್ತಿದ್ದವು. ಮಾತಡಗಿದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು. ಅದೇ ಹೊತ್ತಿಗೆ ಸೊಗಸಾದ ಕೆಡಹುವಿಕೆಗಳೂ ಇದ್ದವು. ಜೋಡಿಗಳನ್ನು ಸರಿಸಮವಾಗಿ ನಿಲ್ಲಿಸುವುದಕ್ಕೂ ಗೆದ್ದವನ ಗೌರವವನ್ನು ನಿರ್ಣಯಿಸುವುದಕ್ಕೂ ನಾಯಕರು ಮತ್ತು ತೀರ್ಪುಗಾರರು ನಿಂತಿರುತ್ತಿದ್ದರು. ಹೊಡೆತವನ್ನೂ ಹಿಡಿತವನ್ನೂ ಒಂದೇ ಕಣದಲ್ಲಿ ಕೂಡಿಸಿದ ಈ ಕಾಳಗ ಇಂದಿನ ಮಿಶ್ರ ಸಮರಕಲೆಗೆ ಎಷ್ಟು ಹತ್ತಿರದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಮಿಶ್ರ ಸಮರಕಲೆಯನ್ನು ಪರದೇಶದ ಹೊಸ ಸೃಷ್ಟಿಯೆಂದು ಕಾಣುವವರು ಪಾಯೆಸನ ಆ ಪುಟಗಳನ್ನು ಒಮ್ಮೆ ಓದಬೇಕು.

ಗಳಿಕೆಯ ವಿಷಯಕ್ಕೆ ನೂನಿಜನೇ ಹೆಚ್ಚು ಬೆಲೆಯುಳ್ಳ ಸಾಕ್ಷಿ. ಅವನ ಪ್ರಕಾರ ಹಬ್ಬದಲ್ಲಿ ಅರಸನ ಮುಂದೆ ಕಾದುವ ಮಲ್ಲರು ಒಂದು ಸಾವಿರ ಮಂದಿ. ಮೊನೆಗಳುಳ್ಳ ಬಳೆಯಾಕಾರದ ಎರಡು ಆಯುಧಗಳನ್ನು ಕೈಯಲ್ಲಿ ಹಿಡಿದು ಅವರು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು. ಹೆಚ್ಚು ಗಾಯಗೊಂಡವನು ಹೋಗಿ ಅರಸನು ಕೊಡುವ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನು. ಮಲ್ಲರಿಗೆ ತಮ್ಮದೇ ಆದ ಒಬ್ಬ ನಾಯಕನಿದ್ದನು. ರಾಜ್ಯದಲ್ಲಿ ಅವರು ಬೇರಾವ ಸೇವೆಯನ್ನೂ ಮಾಡುತ್ತಿರಲಿಲ್ಲ.

ಇಲ್ಲಿ ವಸ್ತ್ರ ದೊರೆಯುವುದು ಗೆದ್ದವನಿಗಲ್ಲ, ಹೆಚ್ಚು ಗಾಯಗೊಂಡವನಿಗೆ ಎಂಬುದು ಓದುಗನನ್ನು ತಡೆದು ನಿಲ್ಲಿಸುತ್ತದೆ. ಇದನ್ನು ಕೈತಪ್ಪೆಂದು ತಳ್ಳಿಹಾಕಿ, ಗೆದ್ದವನಿಗೆ ಎಂದು ತಿದ್ದಿಕೊಳ್ಳುವುದು ಸುಲಭ. ಆದರೆ ಕಠಿನವಾದ ಪಾಠವನ್ನು ಕಾರಣವಿಲ್ಲದೆ ಸುಲಭಗೊಳಿಸಬಾರದು. ಪಾಯೆಸ್ ಹೇಳುವ ಗೌರವ ಗೆದ್ದವನದು. ನೂನಿಜ್ ಹೇಳುವ ವಸ್ತ್ರ ಗಾಯಗೊಂಡವನದು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ವಿರೋಧ ಉಳಿಯುವುದಿಲ್ಲ. ಗೆಲವಿಗೆ ಮರ್ಯಾದೆ, ಗಾಯಕ್ಕೆ ಪರಿಹಾರ ಎಂಬ ಎರಡು ಲೆಕ್ಕಗಳು ಅಲ್ಲಿ ಬೇರೆ ಬೇರೆಯಾಗಿದ್ದವೆಂದು ಊಹಿಸಲು ಎಡೆಯುಂಟು. ಊಹೆ ಸರಿಯಾದರೆ, ಮಲ್ಲನು ಮಾರುತ್ತಿರುವುದು ಬಲವನ್ನಷ್ಟೇ ಅಲ್ಲ, ತನ್ನ ರಕ್ತವನ್ನೂ ಕೂಡ ಎಂಬ ಅರಿವು ವಿಜಯನಗರದ ಅರಮನೆಗೆ ಇದ್ದಿತು. ಆದರೆ ಆ ಪರಿಹಾರದ ಪ್ರಮಾಣವನ್ನೂ ಗಮನಿಸಬೇಕು. ಕಣ್ಣು ಕಳೆದುಕೊಂಡವನಿಗೆ ರೇಷ್ಮೆಯ ವಸ್ತ್ರ ಕಣ್ಣಾಗಲಾರದು. ಬೇರಾವ ಸೇವೆಯನ್ನೂ ಮಾಡದ ಸಾವಿರ ಮಂದಿಯನ್ನು ವರ್ಷವಿಡೀ ಉಣಿಸುವುದು ಅರಮನೆಗೆ ಸಣ್ಣ ವೆಚ್ಚವೇನಲ್ಲ. ಹಾಗೆಯೇ ಬೇರಾವ ಸೇವೆಯನ್ನೂ ಕಲಿಯದವನಿಗೆ ಅಖಾಡದಿಂದ ಹೊರಬಿದ್ದ ದಿನ ಬೇರೆ ದಾರಿಯೂ ಇಲ್ಲ.

4

ಆ ಬೇರೆ ದಾರಿಯನ್ನು ಹುಡುಕಿಕೊಂಡವರು ಜೆಟ್ಟಿಗಳು. ಮಾನಸೋಲ್ಲಾಸದ ಜ್ಯೇಷ್ಠಿಕನಿಗೂ ಜೆಟ್ಟಿಗೂ ಇರುವ ಹೆಸರಿನ ಹೋಲಿಕೆ ಗಮನಾರ್ಹವಾದುದು. ಗುಜರಾತಿನ ಜ್ಯೇಷ್ಠಿಮಲ್ಲರಿಗೆ ಸಂಬಂಧಿಸಿದ 'ಮಲ್ಲಪುರಾಣ' 1964ರಲ್ಲಿ ಬರೋಡೆಯಿಂದ ಪ್ರಕಟವಾದ ಮೇಲೆ ಈ ಹೋಲಿಕೆಗೆ ಬಲ ಬಂದಿದೆ. ಮೈಸೂರಿನ ದಸರೆಯಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಪ್ರಸಿದ್ಧವಾದುದು. ಕೊಂಬಿನಿಂದ ಮಾಡಿದ ಮೊನೆಯುಳ್ಳ ಮುಷ್ಟಿಯನ್ನು ಬಲಗೈಗೆ ತೊಟ್ಟು ಕಾದುವ ಈ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಾರ್ಕ್ ವಿಲ್ಕ್ಸ್ ವಿಸ್ತಾರವಾಗಿ ವರ್ಣಿಸಿದ್ದಾರೆ. ನೂನಿಜ್ ಕಂಡ ಬಳೆಯಾಕಾರದ ಆಯುಧದ ನೆನಪು ಇಲ್ಲಿ ಬಾರದಿರದು. ಇಂದು ಅರಮನೆಯ ಅಂಗಳದಲ್ಲಿ ನಡೆಯುವ ಕಾಳಗ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ರಕ್ತವು ಇಲ್ಲಿ ಸಂಪ್ರದಾಯದ ಪೂರ್ಣಾಹುತಿಯಾಗಿದೆಯೇ ಹೊರತು ಜೀವನೋಪಾಯವಾಗಿ ಉಳಿದಿಲ್ಲ.

ಎಡ್ಗರ್ ಥರ್ಸ್ಟನ್ನರು ದಕ್ಷಿಣ ಭಾರತದ ಜಾತಿಗಳನ್ನು ಕುರಿತ ತಮ್ಮ ಗ್ರಂಥದಲ್ಲಿ ಜೆಟ್ಟಿಗಳ ವಿಷಯ ಬರೆದಿರುವ ಕೆಲವು ಸಾಲುಗಳು ನಮ್ಮ ಪ್ರಶ್ನೆಗೆ ಬಹಳ ಉಪಯುಕ್ತವಾಗಿವೆ. ತೆಲುಗು ಜಿಲ್ಲೆಗಳಲ್ಲಿ ಅವರು ಮೈ ಉಜ್ಜಿ, ಲೇಪನ ಹಚ್ಚಿ ನರಗಳ ನೋವನ್ನು ವಾಸಿಮಾಡುತ್ತಿದ್ದರು. ತಂಜಾವೂರಿನ ಅರಸರ ಕಾಲದಲ್ಲಿ ಭಂಡಾರವನ್ನೂ ಒಡವೆಗಳ ಕೋಣೆಗಳನ್ನೂ ಕಾಯುತ್ತಿದ್ದರು. ಕೊನೆಯ ಅರಸನು ತೀರಿಕೊಂಡ ಮೇಲೆ ಬಹುಮಂದಿ ಮೈಸೂರು ಮೊದಲಾದ ಸಂಸ್ಥಾನಗಳಿಗೆ ವಲಸೆ ಹೋದರು. ಟಿಪ್ಪುವಿನ ಕಾಲದಲ್ಲಿ ಶಿಕ್ಷೆಗೊಳಗಾದವರ ವಧೆಗೆ ಜೆಟ್ಟಿಗಳನ್ನು ಬಳಸಿದರೆಂದು ಸೆರೆಯಲ್ಲಿದ್ದ ಆಂಗ್ಲರ ಬರಹಗಳು ಹೇಳುತ್ತವೆ. ಅವು ವೈರಿಗಳ ಬರಹಗಳಾದುದರಿಂದ ಎಚ್ಚರದಿಂದ ಓದತಕ್ಕವು.

ಈ ಚದುರಿದ ಸಂಗತಿಗಳನ್ನು ಕೂಡಿಸಿದರೆ ಒಂದು ವೃತ್ತಿಜೀವನದ ಆಕಾರ ಕಾಣುತ್ತದೆ. ಯೌವನದಲ್ಲಿ ಕಾದಾಟ, ಅದರ ಜೊತೆಗೆ ನಂಬಿಕೆಯ ಕಾವಲು, ಮೈ ಕುಗ್ಗಿದಾಗ, ಮೈಯ ಕೀಲುನರಗಳ ತಿಳಿವಳಿಕೆಯಿಂದಲೇ ಚಿಕಿತ್ಸೆ. ಅಖಾಡದಲ್ಲಿ ಮುರಿಯುವುದನ್ನು ಕಲಿತವನು ಮುರಿದುದನ್ನು ಕೂಡಿಸುವುದರಿಂದ ಬದುಕುತ್ತಿದ್ದನು. ಅರಮನೆಯ ಕೊಡುಗೆ ನಿಂತರೂ ಈ ವಿದ್ಯೆ ನಿಲ್ಲುತ್ತಿರಲಿಲ್ಲ. ಬಲವನ್ನು ಮಾತ್ರ ನಂಬಿದ ಮಲ್ಲನಿಗಿಂತ ಜೆಟ್ಟಿಯ ಗಳಿಕೆ ಭದ್ರವಾಗಿದ್ದುದಕ್ಕೆ ಕಾರಣ ಗೆಲವುಗಳ ಸಂಖ್ಯೆಯಲ್ಲ. ಗರಡಿಯ ಹೊರಗೂ ಸಲ್ಲುವ ಒಂದು ಕಸುಬು. ಇತಿಹಾಸಕಾರರು ವಜ್ರಮುಷ್ಟಿಯ ರೋಮಾಂಚಕ್ಕೆ ಹಲವು ಪುಟಗಳನ್ನು ಕೊಟ್ಟು, ಈ ಕಸುಬಿಗೆ ಒಂದೆರಡು ಸಾಲುಗಳನ್ನು ಮಾತ್ರ ಕೊಟ್ಟಿರುವುದು ವಿಷಾದದ ಸಂಗತಿ.

5

ಆಶ್ರಯದಾತನೊಡನೆ ಆಶ್ರಯವೂ ಅಳಿಯುತ್ತದೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ನಿದರ್ಶನ ಗಾಮಾ ಪೈಲ್ವಾನರದು. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಎರಡನೆಯ ದಿನದ ಕುಸ್ತಿಗೆ ಬಾರದಿದ್ದುದರಿಂದ ಪದಕಪಟ್ಟಿ ಗಾಮಾ ಅವರಿಗೆ ಸಂದಿತು. 1928ರಲ್ಲಿ ಪಟಿಯಾಲೆಯಲ್ಲಿ ಅದೇ ಎದುರಾಳಿಯನ್ನು ಅವರು ಒಂದು ನಿಮಿಷದೊಳಗೆ ಕೆಡಹಿದರು. ಪಟಿಯಾಲೆಯ ಮಹಾರಾಜರ ಆಶ್ರಯ ಅವರಿಗಿದ್ದಿತು. ದೇಶವಿಭಜನೆಯ ಬಳಿಕ ಸಂಸ್ಥಾನವೂ ಇಲ್ಲವಾಯಿತು, ಆಶ್ರಯವೂ ಇಲ್ಲವಾಯಿತು. ಲಾಹೋರಿನಲ್ಲಿ ಕಾಯಿಲೆ ಮತ್ತು ಬಡತನಗಳಲ್ಲಿ ಕೊನೆಯ ವರ್ಷಗಳನ್ನು ಕಳೆದು 1960ರಲ್ಲಿ ಅವರು ಕಾಲವಾದರು. ಗಡಿಯ ಈಚೆಯಿಂದ ಘನಶ್ಯಾಮದಾಸ ಬಿರ್ಲಾ ಅವರು ಕಳುಹಿಸಿದ ನೆರವೂ ಒಂದು ಕೊಡುಗೆಯೇ. ಯಾವುದೋ ಹಕ್ಕಿನಿಂದ ಬಂದುದಲ್ಲ.

ನಮ್ಮ ನಾಡಿನ ಗಡಿಯಲ್ಲಿ ಆಶ್ರಯದ ಸೆಳೆತ ಇನ್ನೊಂದು ರೂಪದಲ್ಲಿ ಕಾಣುತ್ತದೆ. 1894ರಿಂದ 1922ರವರೆಗೆ ಕೊಲ್ಹಾಪುರವನ್ನು ಆಳಿದ ಶಾಹು ಮಹಾರಾಜರು ಕುಸ್ತಿಗೆ ಕೊಟ್ಟ ಪ್ರೋತ್ಸಾಹವೂ 1912ರ ಖಾಸಬಾಗ ಮೈದಾನವೂ ಆ ಊರನ್ನು ಪೈಲ್ವಾನರ ಯಾತ್ರಾಸ್ಥಳವನ್ನಾಗಿ ಮಾಡಿದವು. ಬೆಳಗಾವಿ ಜಿಲ್ಲೆಯ ಯಕ್ಸಂಬದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಅವರು ಸಾಧನೆಗಾಗಿ ಕೊಲ್ಹಾಪುರವನ್ನು ಸೇರಿ, 1959ರಲ್ಲಿ ದಿಲ್ಲಿಯಲ್ಲಿ ಬಂತಾಸಿಂಗರನ್ನು ಸೋಲಿಸಿ ಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿಯೇ ಅವರ ಜೀವನಯಾತ್ರೆ ಮುಗಿಯಿತು. ಮಲ್ಲನು ಹುಟ್ಟಿದ ಊರಿನವನಲ್ಲ, ಉಣಿಸಿದ ಊರಿನವನು ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಬಿರುದನ್ನು ಇಂದು ಎರಡು ರಾಜ್ಯಗಳೂ ಹೆಮ್ಮೆಯಿಂದ ನೆನೆಯಬಹುದು. ಖುರಾಕಿನ ಲೆಕ್ಕ ಒಂದು ಊರಿನದು.

6

ಈಗ ಎರಡನೆಯ ಪಕ್ಷದ ವಾದವನ್ನು ನೋಡೋಣ. ಅರಸರು ಹೋದರು, ಟಿಕೀಟು ಕೊಳ್ಳುವ ಪ್ರೇಕ್ಷಕನೂ ದೂರದರ್ಶನದ ಸಂಸ್ಥೆಯೂ ಆ ಸ್ಥಾನಕ್ಕೆ ಬಂದರು. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್ಪಿನ ಮೊದಲ ಕೂಟ ನಡೆಯಿತು. ಬ್ರೆಜಿಲಿನ ರಾಯ್ಸ್ ಗ್ರೇಸಿ ಅವರು ಒಂದೇ ರಾತ್ರಿ ಮೂವರನ್ನು ಗೆದ್ದು 50,000 ಡಾಲರುಗಳನ್ನು ಪಡೆದರು. ಅಲ್ಲಿಂದ ಮೂರು ದಶಕಗಳಲ್ಲಿ ಈ ಕ್ರೀಡೆ ಜಗತ್ತನ್ನೆಲ್ಲ ವ್ಯಾಪಿಸಿತು. 2024ರ ಜೂನಿನಲ್ಲಿ ಪೂಜಾ ತೋಮರ್ ಅವರು ಆ ಕಣದಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಸ್ತ್ರೀಯನ್ನು ಮಲ್ಲನ ಕಣ್ಣಿನಿಂದ ದೂರವಿರಿಸಬೇಕೆಂದ ಗ್ರಂಥದಿಂದ ಸ್ತ್ರೀಯೇ ಮಲ್ಲಳಾದ ಕಣದವರೆಗೆ ಕಾಲ ನಡೆದುಬಂದಿದೆ; ಇದು ನಿಸ್ಸಂದೇಹವಾಗಿ ಮುನ್ನಡೆ.

ಆದರೆ ಗಳಿಕೆಯ ರಚನೆಯನ್ನು ಬಿಡಿಸಿ ನೋಡಬೇಕು. ಆ ಸಂಸ್ಥೆಯಲ್ಲಿ ಕಾದಾಳು ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಕಣಕ್ಕಿಳಿದುದಕ್ಕೆ ಒಂದು ಮೊತ್ತ, ಗೆದ್ದರೆ ಇನ್ನೊಂದು ಮೊತ್ತ ಎಂಬುದು ಸಾಮಾನ್ಯ ಒಪ್ಪಂದದ ಕ್ರಮ. ತರಬೇತುದಾರನ ಪಾಲು, ವ್ಯವಸ್ಥಾಪಕನ ಪಾಲು, ಅಭ್ಯಾಸದ ತಿಂಗಳುಗಳ ಊಟ ಇವೆಲ್ಲ ಆ ಮೊತ್ತದಿಂದಲೇ ಸಲ್ಲಬೇಕು. ಕಲ್ಯಾಣದ ಅರಸನು ಹೊತ್ತ ಖುರಾಕಿನ ಹೊಣೆ ಇಲ್ಲಿ ಮಲ್ಲನ ಹೆಗಲಿಗೆ ಬಂದಿದೆ. ನ್ಯಾಯವಾಗಿ ಹೇಳುವುದಾದರೆ, ಕಾದಾಟದಲ್ಲಿಯೂ ಅಭ್ಯಾಸದಲ್ಲಿಯೂ ಆಗುವ ಅಪಘಾತಗಳಿಗೆ ಸಂಸ್ಥೆ 2011ರಿಂದ ವಿಮೆಯನ್ನು ಒದಗಿಸಿದೆ. ವರ್ಷವಿಡೀ ಸಲ್ಲುವ ಆರೋಗ್ಯವಿಮೆಯ ಮಾತು ಬೇರೆ.

ಈ ಭೇದವನ್ನು ಒಬ್ಬ ಚಾಂಪಿಯನ್ನರ ವೃತ್ತಿಜೀವನ ಸ್ಪಷ್ಟಪಡಿಸುತ್ತದೆ. ಕ್ಯಾಮರೂನಿನ ಫ್ರಾನ್ಸಿಸ್ ಎನ್ಗಾನೂ ಬಾಲ್ಯದಲ್ಲಿ ಮರಳಿನ ಗಣಿಗಳಲ್ಲಿ ದುಡಿದವರು. 2021ರ ಮಾರ್ಚಿನಲ್ಲಿ ಸ್ಟೀಪೆ ಮಿಯೊಚಿಚ್ ಅವರನ್ನು ಗೆದ್ದು ಹೆವಿವೆಯ್ಟ್ ವರ್ಗದ ಚಾಂಪಿಯನ್ನರಾದರು. 2022ರ ಜನವರಿಯಲ್ಲಿ ಮೊಣಕಾಲಿನ ಕಟ್ಟುಗಳು ಹರಿದಿದ್ದರೂ ಸಿರಿಲ್ ಗಾನ್ ಅವರೊಡನೆ ಐದು ಸುತ್ತು ಕಾದಿ ಪಟ್ಟವನ್ನು ಉಳಿಸಿಕೊಂಡರು. ಆ ರಾತ್ರಿಯ ಪ್ರಕಟಿತ ಸಂಭಾವನೆ 600,000 ಡಾಲರು. ಅದೇ ವರ್ಷ ಅವರು ಶಸ್ತ್ರಚಿಕಿತ್ಸೆಗೆ ಒಳಗಾದರು. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಮೊತ್ತ ದೊಡ್ಡದಿದ್ದರೂ ಒಪ್ಪದೆ, 2023ರ ಜನವರಿಯಲ್ಲಿ ಪಟ್ಟವಿರುವಾಗಲೇ ಸಂಸ್ಥೆಯನ್ನು ಬಿಟ್ಟರು. ಅವರ ಬೇಡಿಕೆಗಳಲ್ಲಿ ಕಾದಾಳುಗಳಿಗೆ ಆರೋಗ್ಯವಿಮೆ, ಸಂಸ್ಥೆಯ ಸಭೆಯಲ್ಲಿ ಕಾದಾಳುಗಳ ಪರವಾಗಿ ಮಾತನಾಡುವ ಒಬ್ಬ ಪ್ರತಿನಿಧಿ, ಜಾಹೀರಾತುದಾರರನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಇವು ಸೇರಿದ್ದವು. ಜಗತ್ತಿನ ಅತ್ಯಂತ ಬಲಶಾಲಿ ಮಲ್ಲನೆನಿಸಿದವರು ಕೇಳಿದುದು ಹೆಚ್ಚಿನ ಇನಾಮನ್ನು ಮಾತ್ರವಲ್ಲ. ಗಾಯದ ಹೊಣೆಯನ್ನು ಹಂಚಿಕೊಳ್ಳಿರೆಂದು. ನೂನಿಜನ ರೇಷ್ಮೆವಸ್ತ್ರದ ಸಾಲಿಗೆ ಇದು ಸುಮಾರು ನಾಲ್ಕುನೂರ ತೊಂಬತ್ತು ವರ್ಷಗಳಾಚೆಯ ಭಾಷ್ಯವೆನ್ನಬಹುದು.

ಹಕ್ಕಿನ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. 2014ರ ಡಿಸೆಂಬರಿನಲ್ಲಿ ಕಂಗ್ ಲೀ, ನೇಟ್ ಕ್ವಾರಿ, ಜಾನ್ ಫಿಚ್ ಎಂಬ ಕಾದಾಳುಗಳು ಸಂಸ್ಥೆಯ ಏಕಸ್ವಾಮ್ಯದಿಂದ ತಮ್ಮ ಸಂಭಾವನೆ ಕುಗ್ಗಿತೆಂದು ದಾವೆ ಹೂಡಿದರು. ಸಂಸ್ಥೆಯ ವರಮಾನದಲ್ಲಿ ಕಾದಾಳುಗಳಿಗೆ ಸಲ್ಲುತ್ತಿದ್ದುದು ಐದನೆಯ ಒಂದು ಪಾಲಿಗಿಂತ ಕಡಮೆ ಎಂಬುದು ಆ ದಾವೆಯಲ್ಲಿ ಮುಂದೆ ಬಂದ ವಾದ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ತಮ್ಮ ಸಂಘದ ಒಪ್ಪಂದದಿಂದ ವರಮಾನದ ಸುಮಾರು ಅರ್ಧ ದೊರೆಯುತ್ತದೆ. ಮೊದಲ ರಾಜಿಯನ್ನು ನ್ಯಾಯಾಧೀಶರು 2024ರಲ್ಲಿ ತಿರಸ್ಕರಿಸಿದರು. ಬಳಿಕ 37.5 ಕೋಟಿ ಡಾಲರುಗಳ ರಾಜಿಗೆ 2025ರ ಫೆಬ್ರವರಿಯಲ್ಲಿ ಅಂತಿಮ ಒಪ್ಪಿಗೆ ದೊರೆಯಿತು. ಸಾವಿರಕ್ಕೂ ಹೆಚ್ಚು ಕಾದಾಳುಗಳು ಅದರ ಪಾಲುದಾರರು. ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಶಾಸನದ ಮೂಲಕ ಮಿಶ್ರ ಸಮರಕಲೆಯ ಕಾದಾಳುಗಳಿಗೆ ನಿವೃತ್ತಿನಿಧಿಯನ್ನು ಏರ್ಪಡಿಸಿತು. ಆಟಗಾರರ ಸಂಘವಿರುವಲ್ಲಿ ಅರ್ಧ, ಸಂಘವಿಲ್ಲದಲ್ಲಿ ಐದನೆಯ ಒಂದಕ್ಕೂ ಕಡಮೆ ಎಂಬ ಈ ಹೋಲಿಕೆ ಒಂದು ಸಂಗತಿಯನ್ನು ತಿಳಿಸುತ್ತದೆ: ಮಲ್ಲನ ಗಳಿಕೆಯನ್ನು ನಿರ್ಧರಿಸುವುದು ಆತನ ತೋಳಲ್ಲ, ಆತನ ಜೊತೆಯಲ್ಲಿ ನಿಂತವರ ಸಂಖ್ಯೆ.

7

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಜಿಲ್ಲೆಯ ಜಾತ್ರೆಯ ಅಖಾಡಕ್ಕೆ ಮರಳಿದರೆ ಅಲ್ಲಿಯ ಬಹುಮಾನಗಳೂ ಬೇರೆಯಾಗಿಯೇ ಕಾಣುತ್ತವೆ. ಹಲಿಗೆಯ ಸದ್ದಿನ ನಡುವೆ ಸಣ್ಣ ಹುಡುಗರ ಜೋಡಿಗಳಿಂದ ಕುಸ್ತಿ ಆರಂಭವಾಗುತ್ತದೆ, ಗೆದ್ದವನಿಗೆ ತೆಂಗಿನಕಾಯಿ. ಜೋಡಿಗಳು ಬಲಿತಂತೆ ಕಾಯಿಯ ಜಾಗದಲ್ಲಿ ರೂಪಾಯಿ ಬರುತ್ತದೆ. ಕಡೆಯ ಕುಸ್ತಿ ಬೆಳ್ಳಿಯ ಕಡಗಕ್ಕೆ. ಊರ ಹಿರಿಯರು ಕಡಗವನ್ನು ಎತ್ತಿ ಸುತ್ತಲಿನವರಿಗೆ ತೋರಿಸಿ, ಅದರ ತೂಕವನ್ನು ತೊಲೆಗಳಲ್ಲಿ ಸಾರಿ, ಗೆದ್ದವನ ಕೈಗೆ ತೊಡಿಸುತ್ತಾರೆ. ತೆಂಗಿನಕಾಯಿ ತಿನ್ನುವ ವಸ್ತು. ರೂಪಾಯಿ ಖರ್ಚಾಗುವ ವಸ್ತು. ಕಡಗ ಉಳಿಯುವ ವಸ್ತು. ಊಟ, ಕೂಲಿ, ಆಪತ್ತಿನ ನಿಧಿ ಎಂಬ ಮೂರು ಬಗೆಯ ಗಳಿಕೆಗಳು ಒಂದೇ ಸಂಜೆಯ ಕ್ರಮದಲ್ಲಿ ಅಡಕವಾಗಿವೆ. ಹಳ್ಳಿಯವರು ಇದನ್ನು ಸಿದ್ಧಾಂತವಾಗಿ ಯೋಚಿಸಿ ಮಾಡಿದರೆಂದು ನಾವು ಹೇಳುವುದಿಲ್ಲ. ಆದರೆ ಮಲ್ಲನಿಗೆ ಬೇಕಾದುದೇನೆಂಬ ತಿಳಿವಳಿಕೆ ವಿನೋದಗ್ರಂಥಗಳಿಗಿಂತ ಈ ಕ್ರಮದಲ್ಲಿ ಹೆಚ್ಚಾಗಿದೆ ಎನ್ನಲಡ್ಡಿಯಿಲ್ಲ. ಅದರ ಮಿತಿಯೂ ಸ್ಪಷ್ಟ: ಕಡಗ ಒಬ್ಬನಿಗೆ ಮಾತ್ರ, ಮತ್ತು ಅದು ಗೆದ್ದವನಿಗೆ.

ಮಾಜಿ ಪೈಲ್ವಾನರಿಗೆ ಮಾಸಾಶನ ಕೊಡುವ ಪದ್ಧತಿಯನ್ನು ಕರ್ನಾಟಕ ಸರ್ಕಾರ ಇರಿಸಿಕೊಂಡಿದೆ. ಇದನ್ನು ಕೇವಲ ದಯೆಯ ಕಾರ್ಯವೆಂದು ಕಾಣುವುದು ಸರಿಯಲ್ಲ. ಸೋಮೇಶ್ವರನ ಅಡುಗೆಮನೆ, ಅಚ್ಯುತರಾಯನ ರೇಷ್ಮೆ, ಪಟಿಯಾಲೆಯ ಆಶ್ರಯ ಇವೆಲ್ಲ ಕೊಡುವವನ ಮರ್ಜಿಯ ಮೇಲೆ ನಿಂತವು. ಮಾಸಾಶನವು ಮೊತ್ತದಲ್ಲಿ ಎಷ್ಟೇ ಸಣ್ಣದಾದರೂ, ಅರ್ಜಿ ಸಲ್ಲಿಸಿ, ಅರ್ಹತೆಯನ್ನು ತೋರಿಸಿ, ಕೇಳಿ ಪಡೆಯಬಹುದಾದುದು. ಇನಾಮು ಎಂಬ ಮಾತಿನಿಂದ ಹಕ್ಕು ಎಂಬ ಮಾತಿಗೆ ಮಲ್ಲನ ಗಳಿಕೆ ಸಾಗಿರುವ ದೂರವನ್ನು ಅದು ಸೂಚಿಸುತ್ತದೆ.

ಸಂಶೋಧಕರ ಮುಂದಿರುವ ಕೆಲಸವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಶಾಸನಗಳಲ್ಲಿ ಅಂಕಕಾರರ ಮತ್ತು ಮಲ್ಲರ ಹೆಸರುಗಳನ್ನು ಬಿರುದುಗಳಿಗಾಗಿ ಮಾತ್ರವಲ್ಲದೆ, ಅವರಿಗೋ ಅವರ ಮಕ್ಕಳಿಗೋ ಭೂಮಿ ಸಂದಿತೇ ಎಂಬ ದೃಷ್ಟಿಯಿಂದ ಮರಳಿ ಓದಬೇಕು. ಹೈದರಾಬಾದ್ ಸಂಸ್ಥಾನದ ಕಾಲದ ಜಾಗೀರುಗಳ ಲೆಕ್ಕಗಳಲ್ಲಿ ತಾಲೀಮುಗಳ ವೆಚ್ಚವನ್ನು ಹುಡುಕಬೇಕು. ಜಾತ್ರೆಗಳ ಪಂಚರ ಬಳಿಯ ಹಳೆಯ ಲೆಕ್ಕದ ಪುಸ್ತಕಗಳು ಗೆದ್ದಲಿಗೆ ಆಹುತಿಯಾಗುವ ಮುನ್ನ ನಕಲಾಗಬೇಕು. ಎಲ್ಲಕ್ಕಿಂತ ಮೊದಲು, ಇನ್ನೂ ನಮ್ಮ ನಡುವೆ ಇರುವ ಹಿರಿಯ ವಸ್ತಾದರನ್ನು ಕಂಡು, ಎಷ್ಟು ಕುಸ್ತಿ ಗೆದ್ದಿರಿ ಎಂದಲ್ಲ, ಯಾವ ವಯಸ್ಸಿಗೆ ಬಿಟ್ಟಿರಿ, ಬಿಟ್ಟ ಮೇಲೆ ಹೇಗೆ ಬದುಕಿದಿರಿ ಎಂದು ಕೇಳಿ ಬರೆದುಕೊಳ್ಳಬೇಕು. ಈ ಕೆಲಸಕ್ಕೆ ತಾಮ್ರಶಾಸನ ಓದಬಲ್ಲ ಪಂಡಿತನೇ ಬೇಕೆಂದಿಲ್ಲ. ಅಖಾಡದ ಮಾತು ಬಲ್ಲ ವಿದ್ಯಾರ್ಥಿ ಸಾಕು. ಕಮಲಾಪುರದ ಕಡೆಯಿಂದ ಬರುವ ಆ ವಿದ್ಯಾರ್ಥಿಗೆ ನಾವು ಇದನ್ನೇ ಹೇಳಿದೆವು. ಮುಂದಿನ ಭಾನುವಾರವೇ ಆತನು ತನ್ನ ಅಜ್ಜನ ಎದುರು ಕುಳಿತು ಮೂರು ಪುಟಗಳನ್ನು ಬರೆದುಕೊಂಡು ಬಂದನು. ಅವುಗಳಲ್ಲಿ ಎರಡೂವರೆ ಪುಟ ಊಟದ ವಿಷಯ, ಉಳಿದ ಅರ್ಧ ಪುಟ ಮೊಣಕಾಲಿನ ವಿಷಯ.